ಯಲಗೂರಪ್ಪ ಆನೆಯ ಬೇಲಿಯೊಳಗೆ ಹೋದದ್ದು

ಇಚಲಕರಂಜಿಯ ಜಿನಪಾಲ ಶೇಟರ ಮಗ್ಗದ ಶೆಡ್ಡಿನಲ್ಲಿ ಯಲಗೂರಪ್ಪ ಇಪ್ಪತ್ತಾರು ವರ್ಷಗಳಿಂದ ಜಾಬರ್, ಅಂದರೆ ಕೆಟ್ಟ ಮಗ್ಗವನ್ನು ರಿಪೇರಿ ಮಾಡುವವ. ಕಿವಿ ಒಡೆಯುವಂತೆ ಓಡುವ ಮಗ್ಗದ ಪಕ್ಕದಲ್ಲಿ ನಿಂತು ಎಲ್ಲಿ ನಟ್ಟು ಸಡಿಲಾಗಿದೆ ಎಂದು ಸಪ್ಪಳದ ಮೇಲೇ ಹೇಳಬಲ್ಲ ಈ ಮನುಷ್ಯ, ಮಗ್ಗವೊಂದನ್ನು ಬಿಟ್ಟು ಜಗತ್ತಿನ ಉಳಿದೆಲ್ಲದಕ್ಕೂ ಹೆದರುತ್ತಿದ್ದ. ಓಣಿಯಲ್ಲಿ ನಾಯಿ ಮಲಗಿದ್ದರೆ ಅದು ಏಳುವವರೆಗೆ ಮೂಲೆಯಲ್ಲಿ ನಿಂತಿರುತ್ತಿದ್ದ. ಎದ್ದರೆ ಬಂದ ದಾರಿಯಲ್ಲೇ ವಾಪಸು ಹೋಗುತ್ತಿದ್ದ. ಲಿಫ್ಟು, ಸೂಜಿ, ಬಾವಿ, ಸಮವಸ್ತ್ರ ಹಾಕಿದ ಯಾರೇ ಆಗಲಿ, ಪಟ್ಟಿ ಉದ್ದವಿತ್ತು. ಮನೆಯಲ್ಲಿ ಹಲ್ಲಿ ಓಡಿಸುವ ಕೆಲಸವನ್ನು ಹೆಂಡತಿ ಸಾವಕ್ಕ ಮದುವೆಯಾದ ಮೊದಲ ವಾರದಲ್ಲೇ ತಾನು ವಹಿಸಿಕೊಂಡಿದ್ದಳು.

ಇಂಥವನನ್ನು ಆನೆ ಪಳಗಿಸುವವನೆಂದು ಎರಡು ತಾಲೂಕು ಹೇಗೆ ನಂಬಿದವು ಎಂದರೆ, ತಪ್ಪು ಅವನದೇ. ಆದರೆ ಪೂರ್ತಿ ಅವನದಲ್ಲ. ಅರ್ಧ ತಪ್ಪು ಒಂದು ತುತ್ತು ಅವಲಕ್ಕಿಯದು.

ಅವನ ಮಗಳು ಸುವರ್ಣಾಳನ್ನು ನೋಡಲು ಗಡಹಿಂಗ್ಲಜ ಕಡೆಯಿಂದ ಬೀಗರಾಗುವವರು ಬಂದಿದ್ದರು. ಹುಡುಗ ರೋಹನ ಮೆತ್ತಗಿದ್ದ. ಅವನ ತಂದೆ ಮಲ್ಲಾರಿಗೆ ಮಾತ್ರ ದೊಡ್ಡ ಮೀಸೆ, ದೊಡ್ಡ ದನಿ. ತಮ್ಮ ಊರಾದ ನೂಲದ ಆಚೆ ಗುಡ್ಡದ ಇಳಿಜಾರಿನಲ್ಲಿ ಹೊಸದಾಗಿ ಆಗಿದ್ದ ನಿವೃತ್ತ ಆನೆಗಳ ಧಾಮಕ್ಕೆ ತಾನೇ ದಿನಾಲು ಕಬ್ಬು, ಹಸಿಮೇವು ಹಾಕುವುದೆಂದು ಮಲ್ಲಾರಿ ಹೇಳಿದ. ಮೆರವಣಿಗೆಗಳಲ್ಲಿ ಡಾಂಬರು ರಸ್ತೆ ತುಳಿದು ತುಳಿದು ಪಾದ ಕೆಟ್ಟ ಆನೆಗಳನ್ನು ತಂದು, ಸರಪಳಿ ಬಿಚ್ಚಿ, ಸಾಯುವವರೆಗೆ ಸಾಕುವ ಜಾಗ ಅದು. ಸದ್ಯಕ್ಕೆ ಅಲ್ಲಿ ಇರುವುದು ಒಂದೇ ಆನೆ, ಗಂಗವ್ವ. ಅದರ ಹತ್ತಿರ ಹೋಗಲು ಊರ ಗಂಡಸರೆಲ್ಲ ಹೆದರುತ್ತಾರೆ, ತಾನಾದರೆ ಕೈಯಿಂದಲೇ ತಿನ್ನಿಸುತ್ತೇನೆ ಎಂದು ಮೀಸೆಯ ಮೇಲೆ ಬೆರಳಾಡಿಸಿ, ನಿಮಗೆ ಆನೆಯ ಅಂಜಿಕೆ ಇದೆಯೇನು ಎಂದು ಯಲಗೂರಪ್ಪನನ್ನು ಕೇಳಿದ.

ಅಡುಗೆಮನೆಯ ಬಾಗಿಲಿನಿಂದ ಮಗಳು ನೋಡುತ್ತಿದ್ದಳು. ಹುಡುಗನೂ ನೋಡುತ್ತಿದ್ದ.

"ಅಂಜಿಕಿ ಎಲ್ಲೀದ್ರಿ," ಎಂದ ಯಲಗೂರಪ್ಪ. "ನಾ ಆನೀ ಹೊಟ್ಟಿ ಕೆಳಗಿಂದ ಬಂದಾಂವ."

ಇದು ಅಕ್ಷರಶಃ ನಿಜ. ಅವನು ಏಳು ವರ್ಷದವನಿದ್ದಾಗ ಅವನ ಊರಿಗೆ ಒಂದು ಮಠದ ಆನೆ ಬಂದಿತ್ತು. ಮಗ ಎಲ್ಲದಕ್ಕೂ ಹೆದರುತ್ತಾನೆಂದು, ಅಂಜಿಕೆ ಬಿಡಲಿ ಎಂದು, ಅವನಪ್ಪ ಅವನನ್ನು ಆನೆಯ ಹೊಟ್ಟೆಯ ಕೆಳಗೆ ಮೂರು ಸಲ ದಾಟಿಸುವ ಹರಕೆ ಹೊತ್ತಿದ್ದ. ಮೊದಲ ಸಲ ಅವನು ಚೀರಿದ. ಎರಡನೆಯ ಸಲ ಆನೆಯ ಹಿಂಗಾಲನ್ನೇ ತಬ್ಬಿಕೊಂಡು ಬಿಡಲೊಲ್ಲದೆ ಹೋದ. ಮೂರನೆಯ ಸಲ ಆಗಲೇ ಇಲ್ಲ. ಎಂಟು ದಿನ ಜ್ವರ ಬಂತು. ಅಂಜಿಕೆಯ ಪಟ್ಟಿಯಿಂದ ಒಂದೂ ಕಡಿಮೆಯಾಗದೆ, ಆನೆಯೂ ಅದರಲ್ಲಿ ಸೇರಿಕೊಂಡಿತು.

ಇದನ್ನೆಲ್ಲ ವಿವರಿಸುವ ವಿಚಾರ ಅವನಿಗೆ ಇತ್ತು. ಅಷ್ಟರಲ್ಲಿ ಅವಲಕ್ಕಿ ಬಾಯಿಗೆ ಹಾಕಿಕೊಂಡುಬಿಟ್ಟಿದ್ದ. ಮಲ್ಲಾರಿ ದನಿ ತಗ್ಗಿಸಿ, ಹಾಗಾದರೆ ನಿಮ್ಮದು ಮಾವುತರ ಮನೆತನವೇನು ಎಂದು ಕೇಳಿದ. ತುತ್ತು ಗಂಟಲಲ್ಲಿ ಸಿಕ್ಕಿತ್ತು. ನುಂಗುವಾಗ ಯಲಗೂರಪ್ಪನ ತಲೆ ಮೇಲೆ ಕೆಳಗೆ ಆಡಿತು. ಅದೇ ದಿನ ಮದುವೆ ಗೊತ್ತಾಯಿತು.

ಮೂರು ವಾರದ ನಂತರ, ಗುರುವಾರ ಮುಂಜಾನೆ, ಮಲ್ಲಾರಿಯ ಫೋನು ಬಂತು. ಗಂಗವ್ವನ ಮಾವುತ ಹುಸೇನಸಾಬನಿಗೆ ಪಿತ್ತಕೋಶದಲ್ಲಿ ಕಲ್ಲಾಗಿ ಕೊಲ್ಹಾಪುರದ ದವಾಖಾನೆಗೆ ಹಾಕಿದ್ದಾರೆ. ಆನೆ ನಾಲ್ಕು ದಿನದಿಂದ ಒಂದು ಕಡ್ಡಿ ಮುಟ್ಟಿಲ್ಲ. ಅದು ಬಂದದ್ದು ಕರ್ನಾಟಕದಿಂದ. ಕನ್ನಡ ಬಿಟ್ಟು ಬೇರೆ ಮಾತು ತಿಳಿಯುವುದಿಲ್ಲ. ಕನ್ನಡದ ಮಾವುತ ಎಲ್ಲಿ ಸಿಗುತ್ತಾನೆಂದು ಧಾಮದ ಡಾಕ್ಟರು ತಲೆ ಹಿಡಿದು ಕೂತಿದ್ದಾಗ ತಾನು ನಮ್ಮ ಬೀಗರೇ ಇದ್ದಾರಲ್ಲ ಎಂದೆನೆಂದು ಮಲ್ಲಾರಿ ಹೆಮ್ಮೆಯಿಂದ ಹೇಳಿದ. ಜೀಪು ತೆಗೆದುಕೊಂಡು ತಾನೇ ಹೊರಟಿದ್ದಾನಂತೆ.

ಯಲಗೂರಪ್ಪನಿಗೆ ಒಂದೇ ಆಸರೆ ಉಳಿದಿತ್ತು: ಜಿನಪಾಲ ಶೇಟರು. ಜ್ವರ ಎಂದರೆ ಥರ್ಮಾಮೀಟರ್ ತೋರಿಸು ಎನ್ನುವ ಶೇಟರು ರಜೆ ಕೊಡುವುದು ಸಾಧ್ಯವೇ ಇರಲಿಲ್ಲ. ಅವನು ದೊಡ್ಡ ಆಸೆಯಿಂದ ಹೋಗಿ ರಜೆ ಕೇಳಿದ. ಶೇಟರ ಕಣ್ಣು ತುಂಬಿ ಬಂದವು. ಒಂದು ಮೂಕಜೀವ ಉಳಿಸುವುದಕ್ಕಿಂತ ದೊಡ್ಡ ಪುಣ್ಯ ಯಾವುದಿದೆ, ಬೇಕಾದರೆ ತಿಂಗಳು ಇದ್ದು ಬಾ ಎಂದರು. ಅವನ ಗೌರವಕ್ಕಾಗಿ ಎಲ್ಲ ಮಗ್ಗಗಳನ್ನು ಎರಡು ನಿಮಿಷ ನಿಲ್ಲಿಸಿದರು. ಮಗ್ಗ ನಿಂತ ನಿಶ್ಶಬ್ದಕ್ಕೆ ಗಾಬರಿಯಾಗಿ ಓಣಿಯ ಜನರೆಲ್ಲ ಓಡಿ ಬಂದರು. ಯಾರೋ ಸತ್ತಿರಬೇಕು ಎಂದು ತಿಳಿದವರಿಗೆ ಯಲಗೂರಪ್ಪನ ಮುಖ ನೋಡಿ ಅದು ಖಾತ್ರಿಯಾಯಿತು.

ಪಕ್ಕದ ಮನೆಯ ತಾರವ್ವ ಕುಂಕುಮ ಹಚ್ಚಿದಳು. ಹೊಟ್ಟೆ ಕೆಟ್ಟಿದೆ ಎಂದು ಅವನು ಹೇಳಿದ. ಅವಳು ದಾಳಿಂಬೆ ಸಿಪ್ಪೆಯ ಕಷಾಯ ತಂದಳು. ಬೆನ್ನು ಹಿಡಿದಿದೆ ಎಂದ. ಅಲ್ಲಿ ಡಾಕ್ಟರು ಇದ್ದಾರೆ ಎಂದು ಅಷ್ಟರಲ್ಲಿ ಬಂದಿಳಿದ ಮಲ್ಲಾರಿ ಧೈರ್ಯ ಹೇಳಿದ. ಅವರು ದನದ ಡಾಕ್ಟರೆಂಬುದನ್ನು ಹೇಳಲಿಲ್ಲ. ಸಾವಕ್ಕ ಒಬ್ಬಳೇ ಅವನನ್ನು ಒಳಗೆ ಕರೆದು, ಖರೆ ಹೇಳಿಬಿಡಿ ಎಂದಳು. ಮಗಳ ಮದುವೆ ಮುರಿಯುತ್ತದಲ್ಲ ಎಂದು ಅವನು ಕಣ್ಣೀರು ತಂದ.

"ಲಗ್ನ ಮುರದ್ರ ಇನ್ನೊಂದು ಹುಡುಕೋಣು," ಎಂದಳು ಸಾವಕ್ಕ. "ನೀವ್ ಮುರದ್ರ ನಾ ಎಲ್ಲಿ ಹುಡಕ್ಲಿ?"

ನಿಪ್ಪಾಣಿ ಮುಟ್ಟುವುದರೊಳಗೆ ಹೇಳುತ್ತೇನೆ ಎಂದು ಅವಳಿಗೆ ಮಾತು ಕೊಟ್ಟು ಜೀಪು ಹತ್ತಿದ. ಕಾಗಲ ದಾಟುವವರೆಗೂ ಮಲ್ಲಾರಿ ಬಿಡುವು ಕೊಡದೆ ಗಂಗವ್ವನ ಸೊಂಡಿಲಿನ ಬಲವನ್ನು ವರ್ಣಿಸಿದ. ನಿಪ್ಪಾಣಿ ಬಸ್ ಸ್ಟ್ಯಾಂಡಿನ ಎದುರು ಚಹಾಕ್ಕೆ ನಿಂತಾಗ ಯಲಗೂರಪ್ಪ ಮೂತ್ರಕ್ಕೆ ಹೋಗಿ ಬರುತ್ತೇನೆಂದು ಸ್ಟ್ಯಾಂಡಿನೊಳಗೆ ಹೋದ. ಒಂದು ಕೆಂಪು ಎಸ್.ಟಿ. ಬಸ್ಸು ಹೊರಡುವುದರಲ್ಲಿತ್ತು. ಬೋರ್ಡು ಓದುವಷ್ಟು ಪುರುಸೊತ್ತು ಅವನಿಗಿರಲಿಲ್ಲ. ಹತ್ತಿದ, ಹಿಂದಿನ ಸೀಟಿನಲ್ಲಿ ತಲೆಯ ಮೇಲೆ ಟವೆಲ್ಲು ಹಾಕಿಕೊಂಡು ಬಗ್ಗಿ ಕೂತ. ಎಲ್ಲಿಗೆ ಎಂದು ಕಂಡಕ್ಟರು ಕೇಳಿದಾಗ, ಕೊನೆಯ ಸ್ಟಾಪು ಎಂದ. ಮಲ್ಲಾರಿಯ ಫೋನು ಹನ್ನೊಂದು ಸಲ ಬಂತು. ಎತ್ತಲಿಲ್ಲ.

ಒಂದು ತಾಸಿನ ಮೇಲೆ ಬಸ್ಸು ನಿಂತಿತು, ಎಲ್ಲರೂ ಇಳಿದರು. ಟವೆಲ್ಲು ಸರಿಸಿ ನೋಡಿದರೆ ಕಿಟಕಿಯ ಹೊರಗೆ ಮಲ್ಲಾರಿಯ ಹೆಂಡತಿ, ಬೀಗಿತ್ತಿ ಹೌಸಾಬಾಯಿ ಕೈಯಲ್ಲಿ ಮೆಂತ್ಯದ ಸಿವುಡು ಹಿಡಿದು ನಿಂತಿದ್ದಳು. ಅದು ಗಡಹಿಂಗ್ಲಜ ಸ್ಟ್ಯಾಂಡು. ಅವನಿಗಾಗಿ ಕಾಯಿಪಲ್ಲೆ ಕೊಳ್ಳಲು ಅವಳು ಪೇಟೆಗೆ ಬಂದಿದ್ದಳು. ಜೀಪು ಇನ್ನೂ ನಿಪ್ಪಾಣಿಯಲ್ಲೇ ಇದೆಯಂತೆ, ನೀವು ಮೊದಲೇ ಮುಟ್ಟಿದಿರಲ್ಲ ಎಂದು ಬೆರಗಾದಳು. ಚಹಾ ಕುಡಿಯುವಷ್ಟು ಹೊತ್ತೂ ತಾಳದೆ, ಸಿಕ್ಕ ಬಸ್ಸು ಹತ್ತಿ ಆನೆಯ ಕಡೆ ಓಡಿ ಬಂದ ಮಾವುತನ ಸುದ್ದಿ ಅವನು ನೂಲ ಮುಟ್ಟುವುದಕ್ಕೆ ಮೊದಲೇ ನೂಲವನ್ನು ಮುಟ್ಟಿತು.

ಧಾಮದ ಬಾಗಿಲಿಗೆ ಡಾಕ್ಟರ್ ಪ್ರಿಯದರ್ಶನಿ ಬಂದು ಕೈ ಮುಗಿದರು. ಶಿರೋಳ ಕಡೆಯ ಹೆಣ್ಣುಮಗಳು, ಮೂವತ್ತರ ಆಸುಪಾಸು. ನಾಲ್ಕು ದಿನದಿಂದ ಸರಿಯಾಗಿ ಮಲಗಿರಲಿಲ್ಲ. ಅವರು ಮರಾಠಿಯಲ್ಲಿ ಸಣ್ಣ ದನಿಯಲ್ಲಿ ಎಲ್ಲವನ್ನೂ ಬಿಡಿಸಿ ಹೇಳಿದರು. ಗಂಗವ್ವನಿಗೆ ಐವತ್ತೆಂಟು ವರ್ಷ. ಬಲಗಣ್ಣು ಕಾಣುವುದಿಲ್ಲ. ಇನ್ನೆರಡು ದಿನ ಹೊಟ್ಟೆಗೆ ಹೋಗದಿದ್ದರೆ ನೆಲಕ್ಕೆ ಒರಗುತ್ತಾಳೆ. ಆ ಪಾದಗಳ ಮೇಲೆ ಒಮ್ಮೆ ಮಲಗಿದರೆ ಮತ್ತೆ ಎಬ್ಬಿಸಲು ಆಗುವುದಿಲ್ಲ. ಅಪರಿಚಿತರು ಕೋಲು ಹಿಡಿದು ಎದುರು ಹೋದಾಗ ಎರಡು ಸಲ ನುಗ್ಗಿ ಬಂದಿದ್ದಾಳೆ. ಈ ಕೊನೆಯ ಮಾತನ್ನು ಅವರು ಹೇಳದೆ ಇದ್ದರೂ ನಡೆಯುತ್ತಿತ್ತು.

ಅರಣ್ಯ ಖಾತೆಯ ಸಾಹೇಬರೊಬ್ಬರು ಅರ್ಜಿ ತುಂಬಿಸಲು ಕೂತಿದ್ದರು. ಸಮವಸ್ತ್ರ ಬೇರೆ. ಆನೆಯೊಂದಿಗೆ ಎಷ್ಟು ವರ್ಷದ ಅನುಭವ ಎಂದು ಅವರು ಕೇಳಿದಾಗ ಯಲಗೂರಪ್ಪ ಇದೇ ಸಮಯ ಎಂದು ಧೈರ್ಯ ಕೂಡಿಸಿಕೊಂಡು, "ಫಕ್ತ ಏಕದಾ, ಸಾಹೇಬ," ಒಂದೇ ಒಂದು ಸಲ, ಎಂದ. ಸಾಹೇಬರು ಪೆನ್ನು ಕೆಳಗಿಟ್ಟು ಡಾಕ್ಟರರ ಕಡೆ ತಿರುಗಿ, ನಿಜವಾದ ಮಾವುತರು ಹೀಗೆಯೇ, ಜನ್ಮದಲ್ಲಿ ಒಂದೇ ಆನೆಯನ್ನು ಕಟ್ಟಿಕೊಳ್ಳುತ್ತಾರೆ, ಅದು ಸತ್ತ ಮೇಲೆ ಇನ್ನೊಂದನ್ನು ಮುಟ್ಟುವುದಿಲ್ಲ, ಇವರು ನಮಗಾಗಿ ವ್ರತ ಮುರಿಯುತ್ತಿದ್ದಾರೆ ಎಂದು ವಿವರಿಸಿದರು. ಆಮೇಲೆ ರಕ್ತದ ಗುಂಪು ಕೇಳಿದರು. ವಾರಸುದಾರರ ಹೆಸರು ಕೇಳಿದರು. ಸ್ವಂತ ಜವಾಬ್ದಾರಿಯ ಮೇಲೆ ಒಳಗೆ ಹೋಗುತ್ತಿದ್ದೇನೆ ಎಂದು ಸಹಿ ಕೇಳಿದರು. ಸಹಿ ಮೂರು ಗೆರೆ ದಾಟಿ ಟೇಬಲ್ಲಿನ ಮೇಲೆ ಮುಗಿಯಿತು.

ಆ ದಿನ ಅವನು ಒಳಗೆ ಹೋಗಲಿಲ್ಲ. ಬೇಲಿಯ ಗೂಟ ಹಿಡಿದು ನಿಂತ, ಬಿಡಲಾಗಲಿಲ್ಲ. ಆನೆಗೆ ತನ್ನ ವಾಸನೆ ಹತ್ತಲಿ ಎಂದು ನಿಂತಿದ್ದಾರೆ ಎಂದರು ಸಾಹೇಬರು. ಹೌಸಾಬಾಯಿ ಬಡಿಸಿದ ರೊಟ್ಟಿ, ಮೆಂತ್ಯದ ಪಲ್ಲೆ, ಮೊಸರು ಎಲ್ಲವನ್ನೂ ಅವನು ತಟ್ಟೆಯಲ್ಲೇ ಬಿಟ್ಟೆದ್ದ. ಆನೆ ಉಪವಾಸವಿರುವಾಗ ಬೀಗರು ಊಟ ಮುಟ್ಟುವುದಿಲ್ಲವಂತೆ ಎಂದು ಅವಳು ನಾಲ್ಕು ಮನೆಗೆ ಹೇಳಿ ಬಂದಳು. ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ಧಾಮದ ಏರಿಯ ಮೇಲೆ ಅರ್ಧ ನೂಲವೇ ಕೂತಿತ್ತು. ಹೆಂಗಸರು ಕೊಡೆ ತಂದಿದ್ದರು.

ಬಾಗಿಲು ತೆಗೆದರು. ಯಲಗೂರಪ್ಪ ಮಲ್ಲಾರಿಯ ಕಡೆ ನೋಡಿದ. ಮಲ್ಲಾರಿ ಆಕಾಶದ ಕಡೆ ನೋಡುತ್ತಿದ್ದ. ಹೋದರೆ ತಾನು ಸಾಯುತ್ತೇನೆ, ಹೋಗದಿದ್ದರೆ ಆನೆ ಸಾಯುತ್ತದೆ. ಎರಡಕ್ಕೂ ಅವನಿಗೆ ಸಮನಾಗಿ ಹೆದರಿಕೆಯಾಯಿತು. ಹೋಗದಿದ್ದರೆ ಆ ಡಾಕ್ಟರಮ್ಮನ ಮುಖ ನೋಡಬೇಕಾಗುತ್ತದಲ್ಲ ಎಂಬ ಮೂರನೆಯ ಹೆದರಿಕೆಯೇ ಕಡೆಗೆ ಅವನನ್ನು ಒಳಗೆ ನೂಕಿತು.

ಗಂಗವ್ವ ತಗಡಿನ ಚಪ್ಪರದ ಕೆಳಗೆ ನಿಂತಿದ್ದಳು. ಎಡಕ್ಕೆ ಬಲಕ್ಕೆ ತೂಗುತ್ತಿದ್ದಳು. ಸರಪಳಿ ಬಿಚ್ಚಿ ಎಂಟು ತಿಂಗಳಾಗಿದ್ದರೂ ಹಿಂಗಾಲು ಕಟ್ಟಿಹಾಕಿದಂತೆಯೇ ಇತ್ತು. ಮುಂದೆ ಕಬ್ಬಿನ ರಾಶಿ ಒಣಗಿತ್ತು. ಯಲಗೂರಪ್ಪ ಹನ್ನೆರಡು ಹೆಜ್ಜೆ ಹಾಕಿದ. ಆ ರಾಶಿಯ ಪಕ್ಕದಲ್ಲಿ ಕುಸಿದು ಕೂತ. ಆನೆಯನ್ನು ನೋಡುವುದು ಸಾಧ್ಯವಿರಲಿಲ್ಲವಾದ್ದರಿಂದ ಅದಕ್ಕೆ ಬೆನ್ನು ಮಾಡಿ, ಕಣ್ಣು ಮುಚ್ಚಿದ. ಎದುರು ಹೋದವರೆಲ್ಲ ತಪ್ಪು ಮಾಡಿದ್ದರು, ಬೆನ್ನು ತೋರಿಸಿ ನಂಬಿಕೆ ಹುಟ್ಟಿಸುವುದೇ ಹಳೆಯ ಪದ್ಧತಿ ಎಂದು ಬೇಲಿಯ ಹೊರಗೆ ಸಾಹೇಬರು ಎಲ್ಲರಿಗೂ ತಿಳಿಯುವಂತೆ ಹೇಳಿದರು.

ಹೆದರಿದಾಗ ಸುಮ್ಮನಿರುವುದು ಅವನಿಗೆ ಗೊತ್ತಿರಲಿಲ್ಲ. ಬಾಯಿ ತಾನಾಗಿ ಶುರುವಾಯಿತು.

"ಗಂಗವ್ವಾ, ನಾ ಯಲಗೂರಪ್ಪ. ನಾ ಮಾವುತ ಅಲ್ಲ ಯವ್ವಾ, ಜಾಬರ್ ಅದೀನಿ. ಮಗ್ಗ ರಿಪೇರಿ ಮಾಡ್ತೇನಿ. ಸುಳ್ಳ ಹೇಳ್ಬೇಕಂತ ಹೇಳಿಲ್ಲ, ಬಾಯಾಗ ಅವಲಕ್ಕಿ ಇತ್ತು. ನಾಯೀಗೂ ಅಂಜತೇನಿ ನಾ. ನಿನ್ನ ಮಾವುತ ಸತ್ತಿಲ್ಲ, ದವಾಖಾನಿಗೆ ಹೋಗ್ಯಾನ, ಹೊಟ್ಟ್ಯಾಗ ಕಲ್ಲ ಆಗ್ಯಾವಂತ. ಬರ್ತಾನ. ನಿನಗ ಸಿಟ್ಟ ಬಂದ್ರ ಒದಿ, ಆದ್ರ ಮೊದಲ ಹೇಳಿ ಒದಿ. ಮಗಳ ಲಗ್ನ ಐತಿ."

ಹೀಗೆ ಅವನು ತನ್ನ ಊರು, ತನ್ನಪ್ಪ, ಆ ಎಂಟು ದಿನದ ಜ್ವರ, ಎಲ್ಲವನ್ನೂ ಹೇಳುತ್ತ ಹೋದ. ಆನೆ ನಡೆದರೆ ಸಪ್ಪಳವಾಗುವುದಿಲ್ಲ ಎಂಬುದು ಅವನಿಗೆ ಗೊತ್ತಿರಲಿಲ್ಲ. ಮುಚ್ಚಿದ ರೆಪ್ಪೆಯ ಮೇಲಿನ ಬಿಸಿಲು ಹೋಗಿ ತಂಪಾದಾಗ ಕಣ್ಣು ತೆರೆದ. ಅವನ ಕಾಲಿನ ಆಚೆಯವರೆಗೂ ನೆರಳು ಚಾಚಿತ್ತು. ಕುತ್ತಿಗೆಯ ಹಿಂದೆ ಒದ್ದೆಯಾದ ಬಿಸಿ ಉಸಿರು ಬಂತು. ಸೊಂಡಿಲು ಹೆಗಲು, ಕಿವಿ, ನೆತ್ತಿಯನ್ನು ಒಂದೊಂದಾಗಿ ಮೂಸಿ ನೋಡಿತು. ಏರಿಯ ಮೇಲೆ ಒಂದು ಕೊಡೆ ಮುಚ್ಚಿದ ಸಪ್ಪಳ ಇಲ್ಲಿಯವರೆಗೆ ಕೇಳಿಸಿತು. ಯಲಗೂರಪ್ಪನ ಬಾಯಿಂದ ಈಗ ಸಾವಕ್ಕ, ಸಾವಕ್ಕ ಎಂಬ ಒಂದೇ ಮಾತು ಬರುತ್ತಿತ್ತು.

ಅವನ ತೊಡೆಯ ಮೇಲೆ ಏನೋ ಧೊಪ್ಪನೆ ಬಿತ್ತು. ನೋಡಿದರೆ ಒಂದು ಕಬ್ಬು.

ಆನೆ ಕಾಯುತ್ತಿತ್ತು. ಅದು ಏಕೆ ಕೊಟ್ಟಿತೋ ಅವನಿಗೆ ತಿಳಿಯಲಿಲ್ಲ. ಆದರೆ ಇಷ್ಟು ದೊಡ್ಡವರು ಕೊಟ್ಟದ್ದನ್ನು ಒಲ್ಲೆ ಎನ್ನುವ ಧೈರ್ಯ ಅವನಿಗಿರಲಿಲ್ಲ. ಹಲ್ಲಿನಿಂದ ಸಿಪ್ಪೆ ಸುಲಿದು ಅಗಿಯತೊಡಗಿದ. ನಿನ್ನೆ ಮುಂಜಾನೆಯಿಂದ ಹೊಟ್ಟೆಗೇನೂ ಹೋಗಿರಲಿಲ್ಲ. ರಸ ಇಳಿದಂತೆ ಅಳು ಬಂತು. ಅಳುತ್ತ ಅಗಿದ. ಒಂದು ಗೆಣ್ಣು ಮುಗಿದು ಎರಡನೆಯದಕ್ಕೆ ಬರುವಾಗ ಅವನ ತಲೆಯ ಮೇಲಿಂದ ಸೊಂಡಿಲು ಹಾಯ್ದು ರಾಶಿಯಿಂದ ಒಂದು ಕಬ್ಬು ಎತ್ತಿತು. ಮೇಲೆ ಕಬ್ಬು ಮುರಿದ ಸಪ್ಪಳ. ಇನ್ನೊಂದು. ಮತ್ತೊಂದು. ಜನ ಚಪ್ಪಾಳೆಗೆ ಕೈ ಎತ್ತಿದರು. ಡಾಕ್ಟರ್ ಪ್ರಿಯದರ್ಶನಿ ಎರಡೂ ಕೈ ಚಾಚಿ ಅವರನ್ನು ಸುಮ್ಮನಾಗಿಸಿ, ಬೇಲಿಯ ತಂತಿಗೆ ಹಣೆ ಆನಿಸಿ ನಿಂತರು.

ಎರಡು ತಾಸಿನ ಮೇಲೆ ಗಂಗವ್ವ ನೀರಿನ ತೊಟ್ಟಿಯ ಕಡೆ ಹೋದಳು. ಕಾಲು ಸತ್ತಿದ್ದರಿಂದ ಯಲಗೂರಪ್ಪ ಅಂಬೆಗಾಲಿಟ್ಟು ಹೊರಗೆ ಬಂದ. ವಾಪಸು ಬರುವಾಗ ಆನೆಗಿಂತ ತಲೆ ಎತ್ತರಿಸಬಾರದು ಎಂದು ಸಾಹೇಬರು ವಹಿಯಲ್ಲಿ ಬರೆದುಕೊಂಡರು.

ಅವನನ್ನು ಎಬ್ಬಿಸಲು ಎಲ್ಲರೂ ಬಂದರು, ಮಲ್ಲಾರಿ ಬರಲಿಲ್ಲ. ಬಾಗಿಲಿಗೆ ಎಲ್ಲರಿಗಿಂತ ಹತ್ತಿರ ನಿಂತಿದ್ದವನು ಮಲ್ಲಾರಿಯೇ. ಡಾಕ್ಟರಿಗೂ ಸಾಹೇಬರಿಗೂ ಕನ್ನಡ ಬಾರದು, ಅವನಿಗೆ ಬರುತ್ತಿತ್ತು. ಯಲಗೂರಪ್ಪನಿಗೆ ಅದು ಆಗ ಹೊಳೆಯಿತು. ಆನೆ ಬಿಟ್ಟುಕೊಟ್ಟ ಜೀವ ಬೀಗರ ಮುಖ ನೋಡಿ ಬಾಯಿಗೆ ಬಂತು. ಮಧ್ಯಾಹ್ನ ಟ್ರ್ಯಾಕ್ಟರಿನ ನೆರಳಿನಲ್ಲಿ ಇಬ್ಬರೇ ಕೂತರು.

"ನೀವು ಹೇಳಿದ್ದೆಲ್ಲಾ ಕೇಳಿಸ್ತ್ರಿ ನನಗ," ಎಂದ ಮಲ್ಲಾರಿ.

ಯಲಗೂರಪ್ಪ ಮಗಳ ಹೆಸರು ಹೇಳಿ ಏನೋ ಶುರು ಮಾಡಿದ. ಮಲ್ಲಾರಿ ಕೈ ಎತ್ತಿ ತಡೆದ.

"ಎಂಟ ತಿಂಗಳಾತು ಮೇವ ಹಾಕಾಕತ್ತಿ. ಒಂದ ದಿನಾನೂ ಟ್ರ್ಯಾಕ್ಟರ್ ಬಿಟ್ಟು ಇಳದಿಲ್ರಿ ನಾ. ಬೇಲಿ ಹೊರಗಿಂದ ಒಗದು, ನೀರಿನ ಟಾಕಿ ಹಿಂದ ಹೋಗಿ ನಿಲ್ತೇನಿ. ಕೈಲೆ ತಿನ್ನಸ್ತೇನಿ ಅಂತ ಊರತುಂಬ ಹೇಳೇನಿ. ಮನ್ಯಾಗೂ ಹೇಳೇನಿ." ಮೀಸೆಯ ಕಡೆ ಹೋದ ಬೆರಳು ಅರ್ಧದಲ್ಲೇ ನಿಂತಿತು. "ನೀವು ಅಂಜಿಕೋತನ ಒಳಗ ಹೋದ್ರಿ. ಲಗ್ನ ನಡೀಲ್ರಿ ಬೀಗರ. ಆದ್ರ ಹೌಸಾಗ ಹೇಳಬ್ಯಾಡ್ರಿ."

ಹುಸೇನಸಾಬ ಬರಲು ಹದಿನೇಳು ದಿನ ಹಿಡಿಯಿತು. ಹದಿನೇಳೂ ದಿನ ಯಲಗೂರಪ್ಪ ಒಳಗೆ ಹೋದ. ಅಂಜಿಕೆ ಒಂದು ಗುಂಜಿಯಷ್ಟೂ ಕಡಿಮೆಯಾಗಲಿಲ್ಲ. ದಿನಾಲು ಮೊದಲ ಕಬ್ಬು ಅವನೇ ತಿನ್ನಬೇಕು, ಆಮೇಲೆ ಗಂಗವ್ವ. ಮಾತು ನಿಲ್ಲಿಸಿದರೆ ಅವಳು ಅಗಿಯುವುದನ್ನು ನಿಲ್ಲಿಸುತ್ತಿದ್ದಳು. ತನ್ನ ಬಾಳಿನ ಸುದ್ದಿ ನಾಲ್ಕೇ ದಿನಕ್ಕೆ ಮುಗಿದುಹೋದಾಗ ಮಗ್ಗದ ಸುದ್ದಿ ತೆಗೆದ. ಲಾಳಿ ಯಾಕೆ ಹಾರುತ್ತದೆ, ಹಾಸಿನ ಎಳೆ ಯಾಕೆ ಹರಿಯುತ್ತದೆ, ಎಲ್ಲವನ್ನೂ ಅವಳು ಕಿವಿ ಬೀಸುತ್ತ ಕೇಳಿದಳು. ಭಾನುವಾರ ಸಾವಕ್ಕ ಬಂದಳು. ಗಂಡನನ್ನು ಬಯ್ದು ಕರೆದುಕೊಂಡು ಹೋಗಬೇಕೆಂದೇ ಬಂದವಳು, ಬೇಲಿಯ ಹೊರಗೆ ಒಂದು ತಾಸು ನಿಂತು ಸಂಜೆಯ ಬಸ್ಸಿಗೆ ಹೋದಳು. ಹೋಗುವಾಗ, ಕಬ್ಬು ತಿಂದು ಹಲ್ಲು ಹಾಳಾದಾವು, ಬಾಯಿ ಮುಕ್ಕಳಿಸಿ ಎಂದಷ್ಟೇ ಹೇಳಿದಳು.

ಹದಿನೆಂಟನೆಯ ದಿನ ಹುಸೇನಸಾಬ ಕೋಲೂರಿಕೊಂಡು ಬಂದ. ಅವನಿನ್ನೂ ಬಾಗಿಲಲ್ಲಿರುವಾಗಲೇ ಗಂಗವ್ವನ ಎದೆಯೊಳಗಿಂದ ಗುಡುಗಿನಂಥ ಸಪ್ಪಳ ಬಂತು. ಮುದುಕ ಹೋಗಿ ಅವಳ ಸೊಂಡಿಲಿಗೆ ಕೆನ್ನೆ ಹಚ್ಚಿ ನಿಂತ. ಯಲಗೂರಪ್ಪ ಅವನಿಗೆ ಒಂದೂ ಬಿಡದೆ ನಿಜ ಹೇಳಿದ. ಹುಸೇನಸಾಬ ನಗಲಿಲ್ಲ. ಅವಳಿಗೆ ಮಾತು ಬೇಕು, ಒಬ್ಬಳೇ ಉಣ್ಣುವವಳಲ್ಲ, ಅಷ್ಟೇ ಎಂದ.

ಯಲಗೂರಪ್ಪ ಚೀಲ ಹೆಗಲಿಗೇರಿಸಿ ಹೊರಟಾಗ ಮಲ್ಲಾರಿ ಹಿಂದೆ ಹಿಂದೆ ಬಂದು ಅವನ ಅಂಗಿಯ ತೋಳು ಹಿಡಿದ. ಏರಿಯ ಮೇಲೆ ಯಾರೂ ಇಲ್ಲ ಎಂಬುದನ್ನು ಎರಡು ಸಲ ನೋಡಿಕೊಂಡ.

"ನನ್ನೂ ಒಮ್ಮೆ ಕರಕೊಂಡ ಹೋಗ್ರಿ ಬೀಗರ. ಕೈ ಬಿಡಬ್ಯಾಡ್ರಿ ಮತ್ತ."

ಯಲಗೂರಪ್ಪ ಚೀಲ ಕೆಳಗಿಟ್ಟ. ಹುಸೇನಸಾಬ ಬಾಗಿಲು ತೆಗೆದ. ಐವತ್ತು ದಾಟಿದ ಇಬ್ಬರು ಗಂಡಸರು ಕೈ ಕೈ ಹಿಡಿದುಕೊಂಡು, ಅಡ್ಡಡ್ಡ ಹೆಜ್ಜೆ ಹಾಕುತ್ತ, ತಗಡಿನ ಚಪ್ಪರದ ಕಡೆ ಹೊರಟರು. ಹಿಡಿದ ಕೈಗಳೆರಡೂ ಜೋರಾಗಿ ನಡುಗುತ್ತಿದ್ದವು. ಅದರಲ್ಲಿ ತನ್ನ ನಡುಕ ಎಷ್ಟು, ಬೀಗರದು ಎಷ್ಟು ಎಂಬುದು ಇಬ್ಬರಿಗೂ ತಿಳಿಯಲಿಲ್ಲ.